ಲೀಟರಿಗೆ ಇಪ್ಪತ್ತೆಂಟು

ಖಾಲಿ ಟ್ರಾಲಿ ಎಳೆದುಕೊಂಡು ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಸಲ ಹಾರ್ನ್ ಹೊಡೆದು, ತಮ್ಮ ಹೊಸ ಕಾರನ್ನು ಹಿಂದೆ ಹಾಕಿ ಮುಂದೆ ಹೋದಾಗ ಶಿವಕಾಂತಾ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ದೂರದಲ್ಲೊಂದು ಸೇತುವೆ ಕಂಡಾಗಲೇ ಕಲ್ಯಾಣಕುಮಾರ ಎಕ್ಸಲರೇಟರಿನಿಂದ ಕಾಲು ತೆಗೆದು ಕಾರನ್ನು ತನ್ನ ಪಾಡಿಗೆ ತೇಲಲು ಬಿಟ್ಟಿದ್ದ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುತ್ತದಂತೆ. ಆಳಂದದ ಕಾಲೇಜಿನ ಈ ಭೌತಶಾಸ್ತ್ರದ ಮಾಸ್ತರನ ಪ್ರಾಣ ಸ್ಟೇರಿಂಗಿನ ಹಿಂದಿನ ಒಂದು ಹಸಿರು ದೀಪದಲ್ಲಿತ್ತು. ಕಾರು ಪೆಟ್ರೋಲು ಬಿಟ್ಟು ಬ್ಯಾಟರಿಯ ಮೇಲೆ ಓಡುವಾಗ ಅದು ಹತ್ತಿಕೊಳ್ಳುತ್ತಿತ್ತು. ಅದು ಆರಿದರೆ ಇವನ ಮುಖವೂ ಆರುತ್ತಿತ್ತು.

ಎಸಿ ಹಾಕುವಂತಿಲ್ಲ, ಅದು ಬ್ಯಾಟರಿ ತಿನ್ನುತ್ತದೆ. ಕಿಟಕಿ ಇಳಿಸುವಂತಿಲ್ಲ, ಗಾಳಿ ನುಗ್ಗಿ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಫೆಬ್ರವರಿ ಕೊನೆಯ ಬಿಸಿಲಲ್ಲಿ ಮುಚ್ಚಿದ ಗಾಜಿನೊಳಗೆ ಶಿವಕಾಂತಾ ಇಡ್ಲಿಯ ಹಾಗೆ ಬೇಯುತ್ತಿದ್ದಳು. ಇಷ್ಟಕ್ಕೆಲ್ಲ ಕಾರಣ ಜೇವರ್ಗಿಯ ಮಹೇಶಕುಮಾರ ಎಂಬ ಗೆಳೆಯ. ಅದೇ ವಾರ ಅದೇ ಕಾರು ಕೊಂಡವನು ಲೀಟರಿಗೆ ಇಪ್ಪತ್ತೇಳೂ ಮುಕ್ಕಾಲು ಕಿಲೋಮೀಟರ್ ಓಡಿಸಿದೆನೆಂದು ಫೋಟೋ ಕಳಿಸಿದ್ದ. ಅಂದಿನಿಂದ ಇವನಿಗೆ ಇಪ್ಪತ್ತೆಂಟು ಆಗದೆ ನಿದ್ದೆಯಿಲ್ಲ.

ಕರಜಗಿಯಲ್ಲಿ ಅಂದು ಶಿವಕಾಂತಾಳ ತಂಗಿ ಜಯಮಾಲಾಳ ಸೀಮಂತದ ಕುಬಸ. ಏಳು ತಿಂಗಳ ಬಸುರಿ, ಚೊಚ್ಚಲು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ತವರಿನ ಬುತ್ತಿ ಒಯ್ದು ಮೊದಲ ಉಡಿ ತುಂಬುವವಳು ಈಗ ಅಕ್ಕನೇ. ಗುರುವಾರ ಒಂದೂವರೆಗೆ ರಾಹುಕಾಲ ಬರುತ್ತದೆ, ಅದರೊಳಗೆ ಮುಗಿಯಬೇಕು. ಅಫಜಲಪುರ ದಾಟುವಾಗಲೇ ಹನ್ನೆರಡೂಕಾಲು. ಚೌಡಾಪುರದ ಮೇಲಿನ ದಾರಿ ಸುತ್ತಾಗುತ್ತದೆ ಎಂದು ಊರು ಬಿಡುವ ಮುಂಚೆಯೇ ಅವಳು ಹೇಳಿದ್ದಳು. ಆ ರಸ್ತೆ ಸಪಾಟು, ಬ್ರೇಕು ಕಡಿಮೆ, ದೂರ ಓಡಿದಷ್ಟೂ ಸರಾಸರಿ ಏರುತ್ತದೆ ಎಂದು ಅವನ ವಾದ. ಪೆಟ್ರೋಲು ಉಳಿಸಲು ಹೆಚ್ಚು ದೂರ ಓಡಿಸುವ ಜಾಣತನ ಅದು.

ಜಯಮಾಲಾಳ ಫೋನು ಬಂತು. ಹೆಂಗಸರೆಲ್ಲ ಗಡಿಯಾರ ನೋಡುತ್ತಿದ್ದಾರಂತೆ, ಬಗಲ ಮನೆಯವಳ ಕೈಯಿಂದ ಉಡಿ ತುಂಬಿಸಿಬಿಡೋಣ ಅನ್ನುತ್ತಿದ್ದಾರಂತೆ. ಆಮೇಲೆ ದನಿ ಸಣ್ಣದಾಯಿತು. “ಅಕ್ಕಾ, ಮಣಿ ಮ್ಯಾಲ ಕುಂತು ಕಾಲು ಜೋಮು ಹಿಡದಾವ. ಆದ್ರೂ ನೀ ಬರೂತನಕ ನಾ ಯಾರ ಮುಂದೂ ಸೆರಗ ಒಡ್ಡಂಗಿಲ್ಲ.”

ಶಿವಕಾಂತಾ ಫೋನು ಇಟ್ಟು ಗಂಡನಿಗೆ ಹೇಳಿದಳು, “ಎಸಿ ಬ್ಯಾಡ ಬಿಡ್ರಿ. ಜರಾ ಜೋರಾದ್ರೂ ಹೊಡೀರಿ.”

“ಈಗ ಇಪ್ಪತ್ತೇಳೂವರಿ ಅದ. ಜೋರ ಹೊಡದ್ರ ಮುಂಜಾನಿಂದ ಮಾಡಿದ್ದೆಲ್ಲಾ ನೀರಾಗ ಹೋತು.”

ಆ ಮಾತು ಮುಗಿಯುವುದರೊಳಗೆ ಕೆಳಗೆ ಢಬ್ ಎಂದಿತು. ಕಾರು ಕುಂಟುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು. ಮುಂದಿನ ಎಡಗಾಲಿ ನೆಲಕ್ಕೆ ಅಂಟಿತ್ತು. ಶಿವಕಾಂತಾ ಸೀರೆ ಎತ್ತಿ ಕಟ್ಟಿ ಡಿಕ್ಕಿ ತೆಗೆದಳು. ಬುತ್ತಿಯ ಬುಟ್ಟಿ ನಾನು ಇಳಿಸುತ್ತೇನೆ, ನೀವು ಬೇಗ ಸ್ಟೆಪ್ನಿ ತೆಗೆಯಿರಿ ಎಂದಳು. ಕಲ್ಯಾಣಕುಮಾರ ಕಣ್ಣಿನ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ.

“ಸ್ಟೆಪ್ನಿ ಮನ್ಯಾಗ ಅದ,” ಎಂದ ಕಡೆಗೆ.

“ಮನ್ಯಾಗ ಕುಂತು ಏನ್ ಮಾಡಾಕತ್ತದ?”

“ನಿನ್ನ ಬುತ್ತಿ ತೂಗಿದ್ನಿ. ಎರಡೂ ಬುಟ್ಟಿ ಕೂಡಿ ಇಪ್ಪತ್ತು ಕಿಲೊ. ಅಷ್ಟು ಭಾರ ಎಲ್ಲಿಂದಾದ್ರೂ ಇಳಿಸಬೇಕಲ್ಲ. ಸ್ಟೆಪ್ನಿ, ಜಾಕು ಕೂಡಿ ಸರಿಯಾಗಿ ಇಪ್ಪತ್ತಾದ್ವು.”

ಸರಿಯಾಗಿ ಎನ್ನುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಮುಂಜಾನೆ ಶೇಂಗಾದ ಹೋಳಿಗೆಯ ಬುತ್ತಿ ಕಟ್ಟಿಟ್ಟು ತಾನು ಸೀರೆ ಉಡುವಾಗ ಹೊರಗೆ ಧಡಲ್ ಧಡಲ್ ಸದ್ದಾಗಿದ್ದು, ಪಾಪ, ಒಬ್ಬರೇ ಬುಟ್ಟಿ ಏರಿಸುತ್ತಿದ್ದಾರೆ ಎಂದು ತಾನು ಮರುಗಿದ್ದು ಅವಳಿಗೆ ನೆನಪಾಯಿತು. ಎರಡೂ ಬುಟ್ಟಿ ಎತ್ತಿ ರಸ್ತೆಯ ಅಂಚಿಗೆ ಇಟ್ಟಳು.

ಅಷ್ಟರಲ್ಲಿ ಕರಜಗಿಯ ಕಡೆ ಹೊರಟಿದ್ದ ಟಂಟಂ ಬಂತು. ಮೂರು ಗಾಲಿಯ ಆ ಗಾಡಿಯಲ್ಲಿ ಆಗಲೇ ಒಂಬತ್ತು ಮಂದಿ. ಅವಳು ಕೈ ಅಡ್ಡ ಹಿಡಿದು, ಕುಬಸಕ್ಕೆ ಹೊತ್ತಾಯಿತು ಎಂದಳು. ಓಡಿಸುತ್ತಿದ್ದ ಮೌಲಾಲಿ ಬುಟ್ಟಿ ನೋಡಿ ಹಿಂದೆ ತಿರುಗಿ ಎಲ್ಲರನ್ನೂ ಸರಿಸಿದ. “ಕುಬಸದ ಬುತ್ತಿ ಐತ್ರಪಾ, ಜರಾ ಸರೀರಿ. ಬರ್ರಿ ಅಕ್ಕಾರ.” ಒಂದು ಬುಟ್ಟಿ ಯಾರದೋ ತೊಡೆಯ ಮೇಲೆ, ಇನ್ನೊಂದು ಅವಳ ಮಡಿಲಲ್ಲಿ. ಮೆಕ್ಯಾನಿಕ್‌ನನ್ನು ಕರೆಸಿಕೊಂಡು ಬರುತ್ತೇನೆ, ನೀ ಮುಂದೆ ಹೋಗು ಎಂದು ಗಂಡ ಹೇಳಿದ. ಟಂಟಂ ಕರಿ ಹೊಗೆ ಬಿಟ್ಟು ಓಡಿತು. ತೆರೆದ ಗಾಡಿಯ ಗಾಳಿಗೆ ಮುಖದ ಬೆವರು ಆರುವಾಗ ಅವಳು ಹಿಂದೆ ನೋಡಿದಳು. ಕಾರಿನ ಸುತ್ತ ನಾಲ್ಕು ಮಂದಿ ಸೇರಿದ್ದರು. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಯಾರೋ ಕೇಳಿರಬೇಕು, ಕಲ್ಯಾಣಕುಮಾರ ಬಾಗಿಲು ತೆಗೆದು ತೋರಿಸುತ್ತಿದ್ದ. ನಾಲ್ಕೂ ತಲೆ ಒಳಗೆ ಬಗ್ಗಿದ್ದವು. ಗಾಲಿಯ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

ಅವಳು ಕರಜಗಿ ಮುಟ್ಟಿದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಕಾಲು ತೊಳೆಯಲೂ ನಿಲ್ಲಲಿಲ್ಲ. ಹಸಿರು ಸೀರೆಯುಟ್ಟು ಕುಳಿತಿದ್ದ ಜಯಮಾಲಾ ಅಕ್ಕನನ್ನು ಕಂಡೊಡನೆ ಸೆರಗು ಒಡ್ಡಿದಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ. ಶಿವಕಾಂತಾಳ ಅವಸರಕ್ಕೆ ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿದ್ದವು. ತಂಗಿ ಅವಳ ಮುಂಗೈ ಹಿಡಿದುಕೊಂಡಳು.

ಆರತಿ ಮುಗಿದ ಮೇಲೆ ಜಯಮಾಲಾಳ ಅತ್ತೆ ಗಂಗುಬಾಯಿ ಕುಡಿಯಲು ನೀರು ತಂದುಕೊಟ್ಟು, ಮನೆಯವರು ಬರಲಿಲ್ಲವೇ ಎಂದು ವಿಚಾರಿಸಿದಳು. ದಾರಿಯಲ್ಲಿದ್ದಾರೆ, ಬರುತ್ತಾರೆ ಎಂದಳು ಶಿವಕಾಂತಾ.

“ದೊಡ್ಡ ಕಾರ ತಗೊಂಡಾರಂತ ಕೇಳಿದ್ವಿ. ಪೆಟ್ರೋಲು ಭಾಳ ಕುಡೀತದೇನ್ರಿ?”

ಶಿವಕಾಂತಾ ಚೊಂಬು ಎತ್ತಿ ಅರ್ಧ ನೀರು ಒಂದೇ ಉಸಿರಿಗೆ ಕುಡಿದಳು.

“ಇಲ್ರಿ ಅತ್ತಿ. ಈಗಂತೂ ಒಂದು ಹನಿನೂ ಕುಡ್ಯಾಕತ್ತಿಲ್ಲ.”