ಒಬ್ಬರಿಗೆ ಮಾತ್ರ

ರೋಬೋಟಿನ ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದು ನಿಂಬೆವ್ವ ಹೊಸ್ತಿಲು ದಾಟಿ ಓಣಿಗೆ ಇಳಿದೇಬಿಟ್ಟಳು. ಮೊಳಕಾಲು ಕೈಕೊಟ್ಟ ಮೇಲೆ, ಎರಡು ವರ್ಷಕ್ಕೆ ಇದೇ ಮೊದಲು. ಕಲಬುರಗಿಯ ಕಾಲೇಜೊಂದರ ಎಂಜಿನಿಯರ್ ಪಂಚಶೀಲಾ ಈ ಗಾಲಿಯ ಯಂತ್ರವನ್ನು ಪರೀಕ್ಷೆಗೆಂದು ಹದಿನೈದು ದಿನ ಕರಜಗಿಯ ಈ ಮನೆಯಲ್ಲಿ ಬಿಟ್ಟಿದ್ದಳು. ಹಾಸಿಗೆಯಿಂದ ಎಬ್ಬಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಅದರ ಕೆಲಸ. ಇವತ್ತು ಮಧ್ಯಾಹ್ನ ವಾಪಸ್ ಒಯ್ಯುವವಳಿದ್ದಳು.

"ದಯವಿಟ್ಟು ಬಚ್ಚಲಿನ ಕಡೆಗೆ ತಿರುಗಿ," ಎಂದಿತು ರೋಬೋಟು, ಪಾಠ ಓದುವ ಮಾಸ್ತರರ ದನಿಯಲ್ಲಿ.

"ಬಚ್ಚಲಾ ಎಲ್ಲಿಗೂ ಓಡಿ ಹೋಗಂಗಿಲ್ಲ. ನೀ ಸುಮ್ನ ನಡಿ!"

ಅದೇ ಓಣಿಯ ಕೊನೆಯ ಮನೆಯಲ್ಲಿ ಹಜರಾಬಿ ಹೊರಸಿನ ಮೇಲೆ ಕೂತಿದ್ದಳು. ಅವಳಿಗೆ ಸೊಂಟ, ಇವಳಿಗೆ ಮೊಳಕಾಲು. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಯೇ ಎರಡು ವರ್ಷವಾಗಿತ್ತು.

"ಯಾ ಅಲ್ಲಾ! ಯಾರ ಕೈ ಹಿಡ್ಕೊಂಡು ಬಂದೀಬೇ, ನಿಂಬಿ?"

"ಹೊಸಾ ಗಂಡ! ಊಟ ಕೇಳಂಗಿಲ್ಲ, ಶೆರೆ ಕುಡಿಯಂಗಿಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಾಗ ಹಜರಾಬಿ ಮೆಲ್ಲಗೆ ಕೇಳಿದಳು: "ನನಗೂ ಎಬ್ಬಸ್ತದೇನು?"

"ಕ್ಷಮಿಸಿ. ನಾನು ಒಬ್ಬರಿಗೆ ಮಾತ್ರ ನೆರವಾಗಬಲ್ಲೆ."

"ಅರವತ್ತು ವರ್ಷದಿಂದ ನಾವಿಬ್ರೂ ಒಬ್ಬರೇ ಇದ್ದೀವಿ. ಮೊನ್ನಿ ಬಂದಾಂವ ನಿನಗೇನು ಗೊತ್ತು!" ಎಂದು ನಿಂಬೆವ್ವ ಒಂದು ತೋಳನ್ನು ಗೆಳತಿಯ ಕೈಗೆ ಕೊಟ್ಟಳು. ರೋಬೋಟು ಕೊಂಚ ಯೋಚಿಸಿದಂತೆ ನಿಂತು, ಮೆಲ್ಲನೆ ತೋಳೆತ್ತಿ ಹಜರಾಬಿಯನ್ನೂ ನಿಲ್ಲಿಸಿತು.

ಇಬ್ಬರೂ ನೆಲ ನೋಡಿದರು, ಆಮೇಲೆ ಓಣಿ ನೋಡಿದರು.

"ಹೋಗಮೇನು?"

"ನಡಿ ಮತ್ತ!"

ಬಸ್‌ಸ್ಟ್ಯಾಂಡಿನಲ್ಲಿ ಪಂಚಶೀಲಾ ಅಫಜಲಪುರದ ಬಸ್ಸಿನಿಂದ ಇಳಿದಾಗ, ಕಬ್ಬಿನ ಹಾಲಿನ ಅಂಗಡಿಯ ಮುಂದೆ ಅವಳ ಯಂತ್ರ ನಿಂತಿತ್ತು. ಅದಕ್ಕೆ ಆಚೆಗೊಬ್ಬಳು, ಈಚೆಗೊಬ್ಬಳು ಜೋತುಬಿದ್ದಿದ್ದರು. ಇಬ್ಬರ ತುಟಿಯ ಮೇಲೂ ನೊರೆಯ ಮೀಸೆ. ಅವಳು ಓಡಿ ಬಂದಳು.

"ಆಯಿ, ಬಿದ್ದಿದ್ರ ಏನು ಗತಿರಿ? ಇದು ಎಂಬತ್ತು ಕಿಲೋ ಅಷ್ಟೇ ತಡಿತದ!"

"ಇಬ್ಬರನ್ನೂ ಕೂಡಿಸಿ ತೂಗಿದ್ರೂ ಎಂಬತ್ತು ಆಗಂಗಿಲ್ಲವ್ವ," ಎಂದಳು ಹಜರಾಬಿ.

ಪಂಚಶೀಲಾ ಇಬ್ಬರ ಕಡ್ಡಿಯಂಥ ಮಣಿಕಟ್ಟುಗಳನ್ನು ನೋಡಿದಳು. ಅಲ್ಲೇ ಬೆಂಚಿನ ಮೇಲೆ ಕೂತು, ಬ್ಯಾಗಿನಿಂದ ಪರೀಕ್ಷೆಯ ಪ್ರಶ್ನೆಗಳ ಫಾರ್ಮು ತೆಗೆದಳು.

"ಖರೇ ಹೇಳ್ರಿ ಆಯಿ. ಇದು ನಿಮಗ ಯಾವ ಕೆಲಸಕ್ಕ ಹೆಚ್ಚು ಉಪಯೋಗ ಆತು? ಹಾಸಿಗಿ, ಬಚ್ಚಲಾ, ಔಷಧ?"

ನಿಂಬೆವ್ವ ಸೆರಗಿನಿಂದ ಮೀಸೆ ಒರೆಸಿಕೊಂಡಳು.

"ಹಾದಿ ತಪ್ಪಾಕ, ಅಂತ ಬರಿ."

ಆ ಉತ್ತರಕ್ಕೆ ಫಾರ್ಮಿನಲ್ಲಿ ಗುರುತು ಹಾಕುವ ಚೌಕ ಇರಲಿಲ್ಲ. ಪಂಚಶೀಲಾ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಹೊಸದೊಂದು ಚೌಕ ಬರೆದಳು; ಒಬ್ಬರಲ್ಲ, ಇಬ್ಬರು ಹಿಡಿಸುವಷ್ಟು ದೊಡ್ಡದು.