ರಾಣಿಯ ಹಣೆ

ವಿಕ್ಟೋರಿಯಾ ರಾಣಿಯ ಅಂಚೆಚೀಟಿಯನ್ನು ಉಮಾಕಾಂತ ನೀರಿನ ಬಟ್ಟಲಿಗೆ ಇಳಿಸುವಷ್ಟರಲ್ಲಿ ತಂಗಿ ಸುಭದ್ರಾ ಅವನ ಕೈ ಹಿಡಿದಳು.

“ಬಿಡು ಮಾರಾಯ್ತಿ. ನಾಳೆ ವಡೋದರಾದ ಪ್ರದರ್ಶನದಲ್ಲಿ ಕಲೆಯಿರುವ ಚೀಟಿಗೆ ಯಾರು ಬಹುಮಾನ ಕೊಡ್ತಾರೆ? ಈ ಗುಜರಾತಿಗಳು ಮದುವೆಯ ಕರೆಯೋಲೆಗೆ, ಅದೇ ಕಂಕೋತ್ರಿಗೆ, ಕುಂಕುಮ ಚಿಮುಕಿಸ್ತಾರಲ್ಲ, ಅದೇ ಇದಕ್ಕೂ ಸಿಡಿದಿದೆ.”

ಸುಭದ್ರಾ ಭೂತಗನ್ನಡಿ ಹಿಡಿದು ಬಗ್ಗಿದಳು. ಪಕ್ಕಕ್ಕೆ ತಿರುಗಿದ ಮುಖ, ಪುಟ್ಟ ಕಿರೀಟ. ಕೆನ್ನೆಯ ಮೇಲಾಗಲಿ ಅಂಚಿನಲ್ಲಾಗಲಿ ಕೆಂಪಿನ ಸುಳಿವಿರಲಿಲ್ಲ. ಹುಬ್ಬಿನ ಮೇಲೆ ಮಾತ್ರ ಸಾಸಿವೆಗಿಂತ ಸಣ್ಣದೊಂದು ದುಂಡು ಬೊಟ್ಟು. ನೂರು ವರ್ಷ ದಾಟಿದರೂ ಅದು ಮಾಸಿರಲಿಲ್ಲ. ಅವಳ ದನಿ ತಾನಾಗಿ ತಗ್ಗಿತು.

“ಸಿಡಿದದ್ದಲ್ಲ ಅಣ್ಣ, ಇಟ್ಟದ್ದು. ಯಾರೋ ಕಡ್ಡಿಯ ತುದಿಯಿಂದ ಇಟ್ಟಿದ್ದಾಳೆ. ಮದುವೆಗೆ ಕರೆಯುವಾಗ ಮುತ್ತೈದೆಗೆ ಇಡ್ತೇವಲ್ಲ, ಹಾಗೆ.”

“ಎಲ್ಲಿಯ ಮುತ್ತೈದೆ? ಆಗ ಈ ರಾಣಿಯ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು” ಎಂದು ನಕ್ಕ ಉಮಾಕಾಂತ, ತಂಗಿಯ ಬರಿಯ ಹಣೆ ಕಂಡು ನಾಲಿಗೆ ಕಚ್ಚಿಕೊಂಡ.

“ಇಟ್ಟವಳಿಗೂ ಅದು ಗೊತ್ತಿತ್ತೋ ಏನೋ” ಎಂದಳು ಸುಭದ್ರಾ, ಚೀಟಿಯಿಂದ ಕಣ್ಣು ಕೀಳದೆ.

ಉಮಾಕಾಂತ ಬಟ್ಟಲಿನ ನೀರನ್ನು ಬಾಲ್ಕನಿಯ ತುಳಸಿಗೆ ಸುರಿದು ಬಂದ. ಆಮೇಲೆ ರಾಣಿಯನ್ನು ಬೊಟ್ಟಿನ ಸಮೇತ ಎತ್ತಿ, ಪ್ರದರ್ಶನದ ಹಾಳೆಯ ನಟ್ಟನಡುವೆ ಕೂರಿಸಿದ.