ಸೊಹಾರ್‌ನಲ್ಲಿ ರೈಲು ನಿಲ್ಲುವುದಿಲ್ಲ

"ಸೊಹಾರ್ ನಿಲುಗಡೆ ಬೇಡ," ಎಂದಳು ಜೋಯ್ಲಿನ್.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆ ಕಚೇರಿಯ ಗೋಡೆಯ ಮೇಲೆ, ಅಲ್ಲಿಂದ ಮಸ್ಕತ್‌ಗೆ ಹೋಗಲಿರುವ ಅತಿವೇಗದ ರೈಲಿನ ನಕ್ಷೆಯಿತ್ತು. ರೈಲಿನ್ನೂ ಕಾಗದದ ಮೇಲಷ್ಟೇ. ಎಲ್ಲೆಲ್ಲಿ ನಿಲ್ಲಬೇಕೆಂದು ಸಲಹೆ ಕೊಡುವುದು ಜೋಯ್ಲಿನ್‌ಳ ಕೆಲಸ. ಗಡಿಯಾಚೆ, ಒಮಾನಿನಲ್ಲಿ ಸಿಗುವ ಮೊದಲ ದೊಡ್ಡ ಊರು ಸೊಹಾರ್.

"ಅಲ್ಲೇ ಅಲ್ವಾ ಹೆಚ್ಚು ಜನ ಹತ್ತುವುದು?" ತಂಡದ ಮುಖ್ಯಸ್ಥ, ಉಳ್ಳಾಲದ ಸಫೀರ್ ಕೇಳಿದ. "ಹೋದ ತಿಂಗಳು ನೀನೇ ಹೇಳಿದ್ದು ಮಾರಾಯ್ತಿ."

"ನಿಂತರೆ ವೇಗ ಹೋಗ್ತದೆ."

"ನಿಲ್ಲದ ರೈಲು ಮತ್ತೆ ಯಾರಿಗೆ? ಒಂಟೆಗಳಿಗೆ ನೋಡ್ಲಿಕ್ಕಾ?"

ಎಲ್ಲರೂ ನಕ್ಕರು. ಆದರೆ ಅವಳ ಅಂದಾಜು ಅದುವರೆಗೆ ತಪ್ಪಿರಲಿಲ್ಲ. ಸಫೀರ್ ನಕ್ಷೆಯತ್ತ ನೋಡಿ ಕೈ ಚೆಲ್ಲಿದ. "ಖಲಾಸ್. ಸೊಹಾರ್ ಬಿಟ್ಟೆವು."

ಸೊಹಾರ್‌ನಲ್ಲಿ ಅವಳ ಅತ್ತಿಗೆ ವೆಲಿಟಾ ಇದ್ದಳು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಕಳೆದ ಶುಕ್ರವಾರವಷ್ಟೇ ಫೋನಿನಲ್ಲಿ ಹೇಳಿದ್ದಳು: "ನಿನ್ನ ಅಣ್ಣ ಮೆಲ್ವಿನನನ್ನು ಆ ಎಣ್ಣೆಬಾವಿಯವರು ಬಿಡುವುದೇ ಇಲ್ಲ. ಕಡಲ ನಡುವೆ ಸಿಗ್ನಲ್ಲೂ ಇಲ್ಲವಂತೆ. ನಿನ್ನ ರೈಲು ಬರ್ಲಿ, ಪ್ರತಿ ಶುಕ್ರವಾರ ನಿನ್ನ ಮನೆಯಲ್ಲೇ ಊಟ. ಸಾಕಪ್ಪಾ ಈ ಹೆಂಗಸು ಅನ್ನಿಸ್ತೇನೆ ನಿಂಗೆ!"

ಈಗಿನ ಬಸ್ಸು ಗಡಿಯಲ್ಲೇ ಅರ್ಧ ದಿನ ನುಂಗುತ್ತಿತ್ತು. ಒಂದು ದಿನದ ರಜೆಯಲ್ಲಿ ವೆಲಿಟಾ ಬಂದು ಹೋಗುವಂತಿರಲಿಲ್ಲ. ಆ ಗಡಿಗೆ ಜೋಯ್ಲಿನ್ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ಮುಗಿದ ಮೇಲೆ ತನ್ನ ಮೇಲೇ ಅಸಹ್ಯಪಡುತ್ತಿದ್ದಳು.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಯೆದುರು ಕಾರು ನಿಲ್ಲಿಸುವಾಗ ವಾಚ್‌ಮನ್ ಮೂಸಬ್ಬ ಎದ್ದು ಬಂದ.

"ಮೇಡಂ, ಓನರ್ ಕೇಳ್ತಾ ಇದ್ರು. ನಿಮ್ಮ ಫ್ಲ್ಯಾಟಲ್ಲಿರುವ ಗಂಡಸು ಯಾರೂಂತ."

"ನನ್ನ ಅಣ್ಣ."

ಮೂಸಬ್ಬ ನೆಲ ನೋಡಿದ. "ಈ ಊರಲ್ಲಿ ಎಲ್ಲರಿಗೂ ಅಣ್ಣನೇ ಮೇಡಂ. ಮೇಲಿನ ಮಾಳಿಗೆಯ ಹುಡುಗಿಗೂ ಅಣ್ಣನೇ ಇದ್ದದ್ದು. ಪೊಲೀಸ್ ಬಂದ ಮೇಲೆ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಮದುವೆಯೊಂದು ಆಗಿಬಿಡಿ. ನಾನು ಏನೂ ನೋಡಿಲ್ಲ."

ಅವಳು ಲಿಫ್ಟಿನ ಗುಂಡಿ ಒತ್ತಿದಳು.

ಬಾಗಿಲು ತೆರೆದವನು ಅವಳ ಕೈಚೀಲ ಇಳಿಸಿಕೊಂಡ. ಬಂಗುಡೆ ಹುರಿದಿಟ್ಟಿದ್ದ.

"ಏನಾಯ್ತು?"

"ನಿಲುಗಡೆ ತೆಗೆಸಿದೆ."

ಆತ ಉಸಿರು ಬಿಟ್ಟ. "ವೆಲಿಟಾಳಿಗೆ ನಾನೇ ಹೇಳ್ತೇನೆ. ಸ್ವಲ್ಪ ಸಮಯ ಕೊಡು."

"ಈಸ್ಟರಿಗೂ ಇದನ್ನೇ ಹೇಳಿದ್ದಿ. ಇನ್ನು ನನ್ನಿಂದಾಗದು. ಒಂದು ಊರಿನ ರೈಲು ಕಸಿದೆ ನಿನಗೋಸ್ಕರ."

ಇಬ್ಬರೂ ಊಟಕ್ಕೆ ಕುಳಿತರು. ಫೋನು ಹೊಡೆದುಕೊಂಡಿತು. ವೆಲಿಟಾ. ಎಂಜಲು ಕೈ, ಜೋಯ್ಲಿನ್ ಎಡಗೈಯಿಂದ ಸ್ಪೀಕರ್ ಒತ್ತಿದಳು.

"ಎಲ್ಲಿಗೆ ಬಂತು ಮಾರಾಯ್ತಿ ನಮ್ಮ ರೈಲು?"

"ಸೊಹಾರ್‌ನಲ್ಲಿ ನಿಲ್ಲುವುದಿಲ್ಲ ಅತ್ತಿಗೆ."

"ಹೋಗ್ಲಿ ಬಿಡು. ನೀನಾದ್ರೂ ಏನು ಮಾಡ್ಲಿಕ್ಕಾಗ್ತದೆ, ಪಾಪ. ಮೆಲ್ವಿನ್‌ನ ಸುದ್ದಿ ಏನಾದ್ರೂ ಬಂತಾ?"

ಊಟದ ಮೇಜಿನಾಚೆ, ಕೆಲಸ ಹೋದದ್ದನ್ನು ಹೆಂಡತಿಗೆ ಹೇಳಲಾಗದೆ ಇಲ್ಲಿ ಅಡಗಿದ್ದ ಮೆಲ್ವಿನ್, ಇಲ್ಲ ಎನ್ನು ಎಂದು ತಂಗಿಗೆ ಸನ್ನೆ ಮಾಡಿದ.